ಹೊಳೆ ಬಂದರೂ ಕುಡಿಯೋಕೆ ನೀರು, ಬರ ಬಂದರೂ ನೀರು: ಊರಿಗೆ ಯಾವ ಮೂಲ ಆರಿಸೋದು?

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಬಂದಾಗ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣ ಕಡೆಯ ಹೊಳೆಆಲೂರು, ಮೆಣಸಗಿ ಇವೆಲ್ಲ ನೀರಿನ ನಡುವೆ ಸಿಕ್ಕಿಕೊಂಡವು. ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿಯೇ ಬಂದಾಯಿತು. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು, ಕುಡಿಯೋಕೆ ಮಾತ್ರ ಹೊರಗಿಂದ ಬಾಟಲಿ ಬರಬೇಕು. ಅದೇ ಸೀಮೆಯಲ್ಲಿ ಅದಕ್ಕೂ ಮುಂಚಿನ ಬರದ ವರ್ಷಗಳಲ್ಲಿ ಜನ ಟ್ಯಾಂಕರ್ ಕಾಯುತ್ತಾ ಕೊಡ ಪಾಳಿಗೆ ಹಚ್ಚಿ ಕೂತಿದ್ದರು. ಒಂದೇ ಊರಿಗೆ ಎರಡೂ ಕಷ್ಟ. ಮಳೆಯ ವರ್ತನೆ ಇತ್ತೀಚೆಗೆ ಹೀಗೇ ಆಗಿದೆ, ಬಂದರೆ ಒಮ್ಮೆಲೇ ಸುರಿಯುತ್ತೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಮುಖ ತೋರಿಸಲ್ಲ.

ಇದನ್ನು ಬರೆಯುತ್ತಿರೋದು ಪಂಚಾಯಿತಿ ಮೆಂಬರುಗಳಿಗೆ, ಊರಿನ ನೀರು ಸಮಿತಿಯಲ್ಲಿ ಇರೋರಿಗೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳೋ ಹುಡುಗ-ಹುಡುಗಿಯರಿಗೆ. ಹೊಸ ಯೋಜನೆ ಬರುತ್ತೆ ಅಂದ ಕೂಡಲೇ ಕಟ್ಟೆ ಮೇಲೆ ಶುರುವಾಗೋ ವಾದ ನಿಮಗೆ ಗೊತ್ತೇ ಇದೆ: ಹೊಳೆ ನೀರು ಒಳ್ಳೇದು, ಇಲ್ಲ ಬೋರೇ ವಾಸಿ, ಇಲ್ಲ ನಮ್ಮ ಕೆರೆಯನ್ನೇ ದೊಡ್ಡದು ಮಾಡೋಣ. ಮೂರೂ ಒಳ್ಳೆಯವೇ. ಆದರೆ ಆರಿಸುವಾಗ ಮೊದಲು ನೋಡಬೇಕಾದ್ದು ಯಾವುದು ಯಾವಾಗ ಕೈಕೊಡುತ್ತೆ ಅನ್ನೋದನ್ನ. ಊರಿಗೆ ಎರಡು ಮೂಲ ಬೇಕು, ಆ ಎರಡೂ ಒಂದೇ ಕಾರಣಕ್ಕೆ ಒಂದೇ ದಿನ ನಿಂತು ಹೋಗುವಂಥವು ಆಗಿರಬಾರದು. ಕೆಳಗಿನ ಹೋಲಿಕೆಯೆಲ್ಲ ಈ ಒಂದೇ ಅಳತೆಗೋಲಿನ ಮೇಲೆ ನಿಂತಿದೆ.

ದ್ವೀಪದವರು ಏನು ಮಾಡಿಕೊಂಡರು

ನಮ್ಮ ಊರುಗಳು ವರ್ಷಕ್ಕೆ ಒಂದು ವಾರ ನಡುಗಡ್ಡೆ ಆಗುತ್ತವೆ. ವರ್ಷವಿಡೀ ನಡುಗಡ್ಡೆಯಲ್ಲೇ ಇರೋರು ಇದ್ದಾರಲ್ಲ, ಅವರನ್ನು ನೋಡಿದರೆ ನಮಗೆ ಬೇಕಾದ್ದು ಬೇಗ ತಿಳಿಯುತ್ತೆ.

ಮಾಲ್ಡೀವ್ಸ್‌ನ ರಾಜಧಾನಿ ಮಾಲೆ ಪೂರ್ತಿ ಸಮುದ್ರದ ನೀರನ್ನು ಸಿಹಿ ಮಾಡೋ ಘಟಕದ ಮೇಲೆ ನಿಂತ ಊರು. 2014ರ ಡಿಸೆಂಬರ್ 4ರಂದು ಆ ಘಟಕದಲ್ಲಿ ಬೆಂಕಿ ಬಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ಒಣಗಿತು. ಭಾರತದಿಂದ ವಿಮಾನದಲ್ಲಿ, ನೌಕಾಪಡೆಯ ಹಡಗಿನಲ್ಲಿ ಕುಡಿಯೋ ನೀರು ಹೋಯಿತು. ಅಲ್ಲಿ ಬರ ಇರಲಿಲ್ಲ, ನೆರೆ ಇರಲಿಲ್ಲ, ಯಂತ್ರವೊಂದು ಕೆಟ್ಟಿತು ಅಷ್ಟೇ.

ಪೆಸಿಫಿಕ್‌ನ ಟುವಾಲು ಇದಕ್ಕೆ ಉಲ್ಟಾ. ಅಲ್ಲಿನವರು ನೆಚ್ಚಿಕೊಂಡಿದ್ದು ಛಾವಣಿಯ ಮಳೆನೀರನ್ನ. ನೆಲದಡಿಯ ನೀರಿಗೆ ಉಪ್ಪು ಸೇರಿ ಕುಡಿಯೋಕೆ ಆಗ್ತಿರಲಿಲ್ಲ. 2011ರಲ್ಲಿ ಲಾ ನೀನಾ ಅನ್ನೋ ಪೆಸಿಫಿಕ್ ಸಮುದ್ರದ ಹವೆಯ ಏರುಪೇರಿನಿಂದಾಗಿ ತಿಂಗಳುಗಟ್ಟಲೆ ಮಳೆ ಇಲ್ಲ. ಸೆಪ್ಟೆಂಬರ್ ಕೊನೆಗೆ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು, ನ್ಯೂಜಿಲೆಂಡ್ ನೀರು ಸಿಹಿ ಮಾಡೋ ಯಂತ್ರ ಕಳಿಸಬೇಕಾಯಿತು. ಒಬ್ಬರಿಗೆ ಯಂತ್ರ ಒಂದೇ ಇತ್ತು, ಇನ್ನೊಬ್ಬರಿಗೆ ಮಳೆ ಒಂದೇ ಇತ್ತು.

ನಮ್ಮದೇ ಲಕ್ಷದ್ವೀಪದಲ್ಲಿ ಮರಳಿನ ಕೆಳಗೆ ಸಿಹಿನೀರು ತೆಳ್ಳಗೆ ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತೆ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇಳುತ್ತೆ. ಹಾಗಾಗಿ 2005ರಲ್ಲಿ ಕವರತ್ತಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ದಿನಕ್ಕೆ 1 ಲಕ್ಷ ಲೀಟರಿನ ಘಟಕ ಹಾಕಿದರು. ಸಮುದ್ರದ ಮೇಲಿನ ಬೆಚ್ಚಗಿನ ನೀರಿಗೂ ಆಳದ ತಣ್ಣನೆಯ ನೀರಿಗೂ ಇರೋ ವ್ಯತ್ಯಾಸದಿಂದಲೇ ಆವಿ ಮಾಡಿ ಇಳಿಸೋ ಪದ್ಧತಿ ಅದು. ಆಮೇಲೆ ಮಿನಿಕಾಯ್, ಅಗತ್ತಿಗೂ ಬಂತು. ಬಾವಿ ಇದೆ, ಘಟಕ ಇದೆ, ಛಾವಣಿಯ ನೀರೂ ಇದೆ. ಒಂದು ಕೆಟ್ಟರೆ ಇನ್ನೊಂದು.

ಇನ್ನು ನಮ್ಮ ಲೆಕ್ಕ.

ಹೊಳೆಯಿಂದ ಬರೋ ಪೈಪ್‌ಲೈನ್

ಬಹುಗ್ರಾಮ ಯೋಜನೆ ಅಂತ ಕಾಗದದಲ್ಲಿ ಬರೆಯೋದು ಇದನ್ನೇ. ಹೊಳೆಯಲ್ಲೋ ಡ್ಯಾಮಿನಲ್ಲೋ ಜಾಕ್‌ವೆಲ್ ಅಂದರೆ ಪಂಪಿನ ಬಾವಿ ಕಟ್ಟಿ, ನೀರೆತ್ತಿ, ಒಂದು ಕಡೆ ಸೋಸಿ, ಹತ್ತಾರು ಹಳ್ಳಿಗೆ ಒಂದೇ ದೊಡ್ಡ ಪೈಪಿನಲ್ಲಿ ಕಳಿಸೋದು. ಗುಣದಲ್ಲಿ ಇದನ್ನು ಮೀರಿಸೋದು ಕಷ್ಟ. ಹಲ್ಲು, ಮೂಳೆ ಕೆಡಿಸೋ ಫ್ಲೋರೈಡ್ ಚಿಂತೆ ಇಲ್ಲ, ಸವಳು ಅಂದರೆ ಉಪ್ಪಿನಂಶ ಇಲ್ಲ. ಗದಗ-ಬೆಟಗೇರಿ ಕುಡಿಯೋದು ಹಮ್ಮಿಗಿ ಬ್ಯಾರೇಜಿನ ತುಂಗಭದ್ರೆ ನೀರನ್ನೇ. 2019ರ ಆಗಸ್ಟ್ 15ಕ್ಕೆ ಜಲಜೀವನ್ ಮಿಷನ್ ಘೋಷಣೆ ಆಯಿತು, ಅದೇ ತಿಂಗಳು ನಮ್ಮಲ್ಲಿ ನೆರೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಅಂತ ಹೆಸರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಗುರಿ. ಆ ಅಳತೆ ಮುಟ್ಟಬೇಕಾದರೆ ಬಹಳಷ್ಟು ಊರುಗಳಿಗೆ ಹೊಳೆ ಬಿಟ್ಟರೆ ಬೇರೆ ದಾರಿ ಇಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಇದು ಕೈಕೊಡೋ ರೀತಿ ನೋಡಿ. ನೆರೆ ಬಂದಾಗ ಮೊದಲು ಮುಳುಗೋದೇ ಹೊಳೆ ದಂಡೆಯ ಪಂಪ್‌ಹೌಸು. ಮುಳುಗದಿದ್ದರೂ ಸುರಕ್ಷತೆಗೆ ಅಂತ ಕರೆಂಟ್ ತೆಗೀತಾರೆ, ಅದು ಸರಿ ಕೂಡ. ನೀರು ಕೆಂಪು ರಾಡಿಯಾಗಿ ಬರುತ್ತೆ, ಫಿಲ್ಟರ್ ತಡೆಯಲ್ಲ. ಸೇತುವೆಗೆ ಕಟ್ಟಿದ ಪೈಪು ಕೊಚ್ಚಿಕೊಂಡು ಹೋದರೆ ವಾರಗಟ್ಟಲೆ ಆಯಿತು. ಮೂವತ್ತು ಕಿಲೋಮೀಟರ್ ದೂರದಲ್ಲಿ ಏನೋ ಕೆಟ್ಟರೆ ನಿಮ್ಮೂರಲ್ಲಿ ಬಿಸಿಲಿದ್ದರೂ ನಲ್ಲಿ ಒಣಗುತ್ತೆ.

ಇನ್ನೊಂದು, ಲೈನಿನ ತುದಿಯ ಊರು. ಮುಖ್ಯ ಪೈಪು ಹೊಲದ ಬದುವಿನಲ್ಲಿ ಹಾದು ಹೋಗೋ ಕಡೆ ಒಳಗಿನ ಗಾಳಿ ಹೊರಬಿಡೋ ಏರ್‌ವಾಲ್ವ್ ಇರುತ್ತೆ. ಬೇಸಿಗೆಯಲ್ಲಿ ಹೋಗಿ ನೋಡಿ, ವಾಲ್ವಿನ ನಟ್ಟು ಸಡಿಲ, ಸುತ್ತ ಕೆಸರು, ಪಕ್ಕದಲ್ಲಿ ಹಸಿರು ಹುಲ್ಲು, ಯಾರೋ ಇಟ್ಟು ಹೋದ ಬಕೆಟ್ಟು. ಅಲ್ಲಿ ಸೋರಿದ್ದೆಲ್ಲ ತುದಿಯ ಊರಿಗೆ ಸಿಗಬೇಕಾಗಿದ್ದ ಪಾಲು. ನಿಮ್ಮೂರು ಲೈನಿನ ಶುರುವಿನಲ್ಲಿದೆಯೋ ಕೊನೆಯಲ್ಲಿದೆಯೋ ಅನ್ನೋದು ಕೇಳಲೇಬೇಕಾದ ಪ್ರಶ್ನೆ. ಕೊನೆಯಲ್ಲಿದ್ದರೆ ಊರೊಳಗೆ ಟ್ಯಾಂಕ್ ದೊಡ್ಡದು ಬೇಕು ಅಂತ ಹಟ ಹಿಡೀರಿ.

ಹುಬ್ಬಳ್ಳಿ-ಧಾರವಾಡದ ಕಥೆಯೂ ಇಲ್ಲಿ ಹೊಂದುತ್ತೆ. ಅಲ್ಲಿಗೆ ನೀರು ಕೊಡೋದು ಎರಡು ಜಲಾಶಯ. ಕಲಘಟಗಿ ಕಡೆಯ ನೀರಸಾಗರ 1955ರದ್ದು, ಬೇಡ್ತಿ ಹಳ್ಳದ ಮಳೆ ನಂಬಿದ್ದು. ಮಲಪ್ರಭೆಗೆ ಕಟ್ಟಿದ ಸವದತ್ತಿಯ ರೇಣುಕಾಸಾಗರ ತುಂಬೋದು ಖಾನಾಪುರದ ಕಣಕುಂಬಿ ಕಡೆ ಮಳೆಯಾದರೆ. ಮಳೆ ಕೈಕೊಟ್ಟ ವರ್ಷ ನೀರಸಾಗರ ತಳ ಕಂಡಾಗ ಅವಳಿ ನಗರ ಉಸಿರಾಡಿದ್ದು ಮಲಪ್ರಭೆಯಿಂದ. ಎರಡು ಜಾಗದ ಮಳೆ, ಎರಡು ಮೂಲ. ದೊಡ್ಡ ಊರಿಗೆ ಇಷ್ಟು ಬೇಕಾದರೆ ಹಳ್ಳಿಗೆ ಬೇಡವಾ?

ಗೋವಾ ಕಡೆ ಹರಿಯೋ ಮಹದಾಯಿ ಹೊಳೆ ಬಗ್ಗೆ ಒಂದು ಮಾತು, ಆಮೇಲೆ ಮುಂದಕ್ಕೆ ಹೋಗೋಣ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಅದರ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸೋಕೆ 3.9 ಟಿಎಂಸಿ ಒಪ್ಪಿತು. ನರಗುಂದದಲ್ಲಿ ಜನ 2015ರಿಂದ ಧರಣಿ ಕೂತಿದ್ದು ಅದಕ್ಕೇ. ಹಕ್ಕು ಹಕ್ಕೇ, ಬಿಡಬಾರದು. ಆದರೆ ಊರಿನ ಯೋಜನೆ ಬರೆಯುವಾಗ ಇನ್ನೂ ಹರಿಯದ ನೀರನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕುಡಿಯೋ ನೀರಿನ ಕೆರೆ

ನವಲಗುಂದ, ನರಗುಂದ, ಅಣ್ಣಿಗೇರಿ ಕಡೆ ಎರೆ ಭೂಮಿ. ನೆಲ ಕೊರೆದರೆ ಸವಳು ನೀರು. ಅದಕ್ಕೇ ಅಲ್ಲಿ ಕೆರೆ ಅಂದರೆ ಕುಡಿಯೋ ಕೆರೆ, ನವಲಗುಂದದ ನೀಲಮ್ಮನ ಕೆರೆಯ ಹಾಗೆ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಳ್ಳೋದು, ಮುಂದಿನ ಸರ್ತಿ ಬಿಡೋವರೆಗೆ ಕಾಯ್ದುಕೊಂಡು ಕುಡಿಯೋದು. ಅಲ್ಲಿನ ಅಜ್ಜಿಯರನ್ನು ಕೇಳಿದರೆ ಉತ್ತರ ಒಂದೇ: "ಯಪ್ಪಾ, ಬೋರಿನ ನೀರಾಗ ಬ್ಯಾಳಿ ಬೇಯೂದಿಲ್ಲ, ಕೆರಿ ನೀರು ತಂದು ಇಡಬೇಕು." ಗಡುಸು ನೀರಿನಲ್ಲಿ ಬೇಳೆ ಬೇಯಲ್ಲ ಅನ್ನೋದು ಯಾವ ಪ್ರಯೋಗಾಲಯದ ವರದಿಗಿಂತಲೂ ಬೇಗ ತಿಳಿಯೋ ಪರೀಕ್ಷೆ.

ನನಗೆ ಕೇಳಿದರೆ ಈ ಸೀಮೆಗೆ ಕೆರೆಯೇ ಬೆನ್ನೆಲುಬು. ಕಾರಣ, ನೀರು ಊರೊಳಗೇ ಇರುತ್ತೆ. ಹೊರಗಿನ ದಾರಿ ಬಂದ್ ಆದರೂ, ಜಾಕ್‌ವೆಲ್ ಮುಳುಗಿದರೂ ಕೆರೆ ಅಲ್ಲೇ. ಆದರೆ ದೊಡ್ಡ ಕೆರೆ ಇದೆ ಅಂತ ಸುಮ್ನೆ ಧೈರ್ಯವಾಗಿ ಕೂರೋ ಹಾಗಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ.

3,000 ಜನರ ಊರು. ತಲೆಗೆ 55 ಲೀಟರ್ ಅಂದರೆ ದಿನಕ್ಕೆ 1,65,000 ಲೀಟರ್. ಎರಡು ಎಕರೆ ಕೆರೆ, ನಾಲ್ಕು ಮೀಟರ್ ನೀರು ನಿಲ್ಲುತ್ತೆ ಅಂದುಕೊಳ್ಳಿ, ಸುಮಾರು 3 ಕೋಟಿ 20 ಲಕ್ಷ ಲೀಟರ್ ಆಯಿತು. ಕೇಳೋಕೆ ಬಹಳ. ಆದರೆ ಬಿರುಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಆವಿಯಾಗಿ ಹೋಗುತ್ತೆ. ನಾಲ್ಕು ತಿಂಗಳಲ್ಲಿ ಮುಕ್ಕಾಲು ಮೀಟರ್ ಹತ್ತಿರ ಬಿಸಿಲು ಕುಡೀತು. ತಳದ ಒಂದು ಮೀಟರ್ ಹೂಳು, ಪಾಚಿ, ಅದನ್ನು ಎತ್ತೋಕೆ ಆಗಲ್ಲ. ಇವೆರಡನ್ನು ಕಳೆದರೆ ಉಳಿಯೋದು ಒಂದು ಕೋಟಿ ಎಂಬತ್ತು ಲಕ್ಷದ ಆಸುಪಾಸು. ಅಂದರೆ ನೂರಾ ಹತ್ತು ದಿನದ ನೀರು. ಕಾಲುವೆಗೆ ನೀರು ಬಿಡೋದು ನಾಲ್ಕು ತಿಂಗಳು ತಡವಾದರೆ ಕೆರೆ ಸೋಲುತ್ತೆ. ಬರದ ವರ್ಷ ಡ್ಯಾಮಿನಲ್ಲೇ ಇಲ್ಲದಿದ್ದರೆ ಕಾಲುವೆಗೆ ಎಲ್ಲಿಂದ ಬರಬೇಕು? ರೇಣುಕಾಸಾಗರ 37.73 ಟಿಎಂಸಿಯ ಡ್ಯಾಮು, ಆದರೆ ಪೂರ್ತಿ ತುಂಬಿದ ವರ್ಷಗಳು ಕಡಿಮೆ.

ಹಾಗಾಗಿ ಕೆರೆ ಆರಿಸೋರು ಅಗಲಕ್ಕಿಂತ ಆಳ ಕೇಳಿ. ಅದೇ ಎರಡು ಎಕರೆಯನ್ನ ಇನ್ನೊಂದು ಮೀಟರ್ ಆಳ ಮಾಡಿದರೆ ಆವಿಯಾಗೋದು ಅಷ್ಟೇ, ಉಳಿಯೋದು ಮಾತ್ರ 80 ಲಕ್ಷ ಲೀಟರ್ ಜಾಸ್ತಿ, ಅಂದರೆ ಹೆಚ್ಚು ಕಮ್ಮಿ ಐವತ್ತು ದಿನ. ಸುತ್ತ ತಂತಿಬೇಲಿ ಬೇಕು, ಎಮ್ಮೆ ಇಳಿಸೋದು, ಬಟ್ಟೆ ಒಗೆಯೋದು ನಿಲ್ಲಬೇಕು. ಇದನ್ನು ಹೇಳೋದು ಸುಲಭ, ಪಕ್ಕದ ಮನೆಯವರ ಎಮ್ಮೆಗೆ ದಂಡ ಹಾಕೋದು ಕಷ್ಟ, ಅದಕ್ಕೆ ದನಕರುಗಳಿಗೆ ಬೇರೆ ತೊಟ್ಟಿ ಕಟ್ಟಿಸಿದ ಮೇಲೆಯೇ ಬೇಲಿ ಹಾಕಿ. ಕೆರೆ ನೀರನ್ನು ಸೋಸದೆ ಕುಡಿಯೋ ಅಭ್ಯಾಸ ಇನ್ನೂ ಇದೆ. ಮರಳಿನ ಫಿಲ್ಟರ್, ಮೇಲೆ ಕ್ಲೋರಿನ್, ಎರಡೂ ಬೇಕೇ ಬೇಕು. ಹೊಳೆ ಅಥವಾ ಬೆಣ್ಣಿಹಳ್ಳ ಏರಿದಾಗ ನೀರು ಕೆರೆ ಏರಿಯನ್ನು ದಾಟುತ್ತಾ ಅಂತ ಊರಿನ ಹಿರಿಯರನ್ನು ಕೇಳಿ ಗುರುತು ಹಾಕಿಸಿ. ದಾಟುತ್ತೆ ಅಂದರೆ ಕೆರೆಯೂ ಪೈಪ್‌ಲೈನೂ ಒಂದೇ ದಿನ ಹೋಗುತ್ತವೆ, ಜೋಡಿ ಕೂಡಲ್ಲ.

ಬೋರ್ ಮತ್ತು ಶುದ್ಧ ನೀರಿನ ಘಟಕ

ಬೋರಿನ ಒಳ್ಳೆ ಗುಣ, ಬೇಗ ಆಗುತ್ತೆ, ಊರಿನ ಕೈಯಲ್ಲೇ ಇರುತ್ತೆ. ಕೆಟ್ಟ ಗುಣ ಗದಗ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಮುಂಡರಗಿ ಕಡೆ ಹಲ್ಲಿನ ಮೇಲೆ ಕಂದು ಗೆರೆ ಇರೋ ಮಕ್ಕಳು, ಮೊಣಕಾಲು ಮಡಚೋಕೆ ಆಗದ ಹಿರಿಯರು ಇದ್ದಾರೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತೆ. ನೀರು ತಿಳಿಯಾಗಿರುತ್ತೆ, ರುಚಿಯೂ ಪರವಾಗಿಲ್ಲ ಅನಿಸುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಕುದಿಸಿದರೆ ಹೋಗುತ್ತೆ ಅಂತ ನಂಬಿದೋರು ಬಹಳ. ಕುದಿಸಿದರೆ ನೀರು ಕಮ್ಮಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ.

ಇದಕ್ಕೆ ಊರೂರಿಗೆ ಬಂದಿದ್ದು ಕಾಯಿನ್ ಹಾಕಿ ಕ್ಯಾನ್ ತುಂಬಿಸೋ ಆರ್‌ಒ ಘಟಕ. ನಾನು ಇದರ ವಿರೋಧಿ ಅಲ್ಲ, ಫ್ಲೋರೈಡ್ ಇರೋ ಊರಿಗೆ ಇದು ಜೀವ ಉಳಿಸಿದೆ. ಆದರೆ ಇದು ಕರೆಂಟಿನ ಕೂಸು. ಒಳಗೆ ನೀರು ಸೋಸೋ ಪೊರೆ, ಅಂದರೆ ಮೇಂಬ್ರೇನ್, ಹಳೆಯದಾದರೂ ನೀರು ಬರುತ್ತಲೇ ಇರುತ್ತೆ, ಫ್ಲೋರೈಡ್ ಮಾತ್ರ ದಾಟಿ ಬರುತ್ತೆ. ಮೇಂಬ್ರೇನ್ ಯಾವಾಗ ಬದಲಿಸಿದ್ದು ಅಂತ ಘಟಕದ ಗೋಡೆ ಮೇಲೆ ದಿನಾಂಕ ಬರೆಸಿ, ಬರೆದಿಲ್ಲ ಅಂದರೆ ಬದಲಿಸಿಲ್ಲ ಅಂತಲೇ ತಿಳೀರಿ. ಇನ್ನೊಂದು, ಹೊರಗೆ ಬಿಡೋ ತ್ಯಾಜ್ಯ ನೀರು. ಹಿಡಿದ ನೀರಿನಷ್ಟೇ, ಕೆಲವು ಕಡೆ ಅದಕ್ಕಿಂತ ಜಾಸ್ತಿಯೇ ಹೊರಗೆ ಹೋಗುತ್ತೆ. ಅದು ಗಟಾರಿಗೆ ಹರಿದು ಪಕ್ಕದ ಬೋರಿನ ಹತ್ತಿರವೇ ಇಂಗಿದರೆ ತೆಗೆದ ವಿಷವನ್ನ ತಿರುಗಿ ನೆಲಕ್ಕೇ ಹಾಕಿದ ಹಾಗಾಯಿತು.

ಬೋರು ಬರಕ್ಕೆ ಸೋಲುತ್ತೆ, ಹಳ್ಳದ ಪಕ್ಕದಲ್ಲಿದ್ದರೆ ನೆರೆಗೂ ಸೋಲುತ್ತೆ. ಬೋರಿನ ಬಾಯಿಗೆ ಇಳಿಸಿರೋ ಕೇಸಿಂಗ್ ಪೈಪು ನೆಲಮಟ್ಟಕ್ಕೇ ಕೊಯ್ದು ಬಿಟ್ಟಿದ್ದರೆ ರಾಡಿ ನೀರು ನೇರ ಒಳಗೆ ಇಳಿಯುತ್ತೆ. ಕೇಸಿಂಗನ್ನು ಎತ್ತರಿಸಿ, ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಿ ಮುಚ್ಚಳ ಹಾಕಿಸೋದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಒಂದು ಹಳೆ ವಸ್ತುವನ್ನು ಮಾತ್ರ ಕಿತ್ತು ಹಾಕಬೇಡಿ ಅಂತ ಕೈಮುಗಿದು ಹೇಳ್ತೀನಿ: ಕೈಪಂಪು, ನಮ್ಮ ಕಡೆ ಬೋರಿಂಗ್ ಅಂತೀವಲ್ಲ ಅದು. ಇಂಡಿಯಾ ಮಾರ್ಕ್ 2 ಪಂಪು ನಲವತ್ತೈದು ಮೀಟರ್ ಆಳದಿಂದ ಕರೆಂಟಿಲ್ಲದೆ ನೀರೆತ್ತುತ್ತೆ. ಊರಿನ ಎತ್ತರದ ಕಡೆ, ನೀರು ಪರೀಕ್ಷೆ ಮಾಡಿಸಿದ ಒಂದೆರಡು ಬೋರಿಂಗ್ ರಿಪೇರಿಯಾಗಿ ಇದ್ದರೆ ನೆರೆಯ ವಾರ ದಾಟಿಬಿಡಬಹುದು. ಮಿನಿ ಟ್ಯಾಂಕ್ ಹಾಕ್ತೀವಿ ಅಂತ ಬಂದೋರು ಮೊದಲು ಕಿತ್ತು ಹಾಕೋದೇ ಅದನ್ನ.

ಛಾವಣಿಯ ಮಳೆನೀರು

ಇದನ್ನು ಊರಿಗೆಲ್ಲ ಸಾಕಾಗೋ ಮೂಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುಡಿಯೋಕೆ, ಅಡುಗೆಗೆ ಅಂತ ನೋಡಿದರೆ ಮಾತ್ರ ಲೆಕ್ಕ ಚೆನ್ನಾಗಿ ಕೂಡುತ್ತೆ. ಬರ್ಮುಡಾ ದ್ವೀಪದಲ್ಲಿ ಮನೆ ಕಟ್ಟೋರು ಛಾವಣಿ ನೀರು ಹಿಡಿದು ಮನೆಯಡಿ ಟ್ಯಾಂಕಿಗೆ ಬಿಡಬೇಕು ಅಂತ ಕಾನೂನೇ ಇದೆ, ಅಲ್ಲಿನ ಬಿಳಿ ಸುಣ್ಣದ ಛಾವಣಿಗಳು ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಇರೋದು.

ಗದಗಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 50 ಚದರ ಮೀಟರ್ ಆರ್‌ಸಿಸಿ ಅಥವಾ ತಗಡಿನ ಛಾವಣಿ, ನೂರಕ್ಕೆ ಎಂಬತ್ತು ಪಾಲು ಕೈಗೆ ಸಿಕ್ಕಿತು ಅಂದರೆ 24,000 ಲೀಟರ್. ಐದು ಜನರ ಮನೆ, ಕುಡಿಯೋದು ಅಡುಗೆ ಸೇರಿ ದಿನಕ್ಕೆ 35 ಲೀಟರ್ ಅಂದರೆ ವರ್ಷಕ್ಕೆ 12,775. ಮಳೆ ಅರ್ಧಕ್ಕೆ ಇಳಿದರೂ ಹತ್ತಿರ ಹತ್ತಿರ ಸಾಕಾಗುತ್ತೆ. ಬೇಕಾಗಿರೋದು ನವೆಂಬರಿನಿಂದ ಮೇವರೆಗಿನ ಇನ್ನೂರು ದಿನ ತಡೆಯೋ 7,000 ಲೀಟರ್ ಟ್ಯಾಂಕು, ಬೆಳಕು ಬೀಳದ ಹಾಗೆ ಮುಚ್ಚಿದ್ದು, ಸೊಳ್ಳೆ ಹೋಗದ ಹಾಗೆ ಜಾಳಿಗೆ ಹಾಕಿದ್ದು. ಮೊದಲ ಮಳೆ ಹೊರಗೆ ಬಿಡಿ. ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರುತ್ತೆ.

ಅಡ್ಡಿ ಎಲ್ಲಿದೆ ಅಂದರೆ, ನರಗುಂದ-ನವಲಗುಂದ ಕಡೆ ಎಷ್ಟೋ ಮನೆ ಮಣ್ಣಿನ ಮೇಲ್ಮುದ್ದೆಯವು. ಅಲ್ಲಿಂದ ಬರೋದು ಮಣ್ಣಿನ ನೀರು, ಕುಡಿಯೋಕೆ ಬರಲ್ಲ. ಅಂಥ ಕಡೆ ಶಾಲೆ, ಅಂಗನವಾಡಿ, ಸಮುದಾಯ ಭವನ, ಗುಡಿಯ ಛಾವಣಿ ನೋಡಿ. ಶಾಲೆಯ ಛಾವಣಿ ದೊಡ್ಡದು, ನೀರು ಕುಡಿಯೋರು ಮಕ್ಕಳು, ಹಲ್ಲು ಕೆಡೋದೂ ಅವರದ್ದೇ. ಫ್ಲೋರೈಡ್ ಊರಿನಲ್ಲಿ ಮೊದಲ ದುಡ್ಡು ಇಲ್ಲಿಗೆ ಹೋಗಲಿ ಅಂತ ನನ್ನ ಅಭಿಪ್ರಾಯ. ಕೃಷಿಹೊಂಡದ ನೀರು ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಅದು ಬೆಳೆಗೆ, ಬಾಯಿಗೆ ಬೇಡ.

ಟ್ಯಾಂಕರ್

ಇದು ಮೂಲ ಅಲ್ಲ, ಮುಲಾಮು. ರಸ್ತೆ ಇದ್ದರೆ ಮಾತ್ರ ಬರುತ್ತೆ, ನೆರೆಯಲ್ಲಿ ಇಲ್ಲದಿರೋದೇ ರಸ್ತೆ. ಬೇಸಿಗೆಗೆ ಬೇಕೇ ಬೇಕು ಅಂದರೆ ರೇಟು, ನೀರು ತುಂಬೋ ಜಾಗ, ದಿನಕ್ಕೆ ಎಷ್ಟು ಟ್ರಿಪ್ಪು ಅನ್ನೋದನ್ನು ಫೆಬ್ರವರಿಯಲ್ಲೇ ಬರೆದು ಮುಗಿಸಿ. ಏಪ್ರಿಲ್‌ನಲ್ಲಿ ಮಾತಾಡೋಕೆ ಹೋದರೆ ಅವರು ಹೇಳಿದ್ದೇ ರೇಟು.

ಯಾರಿಗೆ ಯಾವ ಜೋಡಿ

ಮಲಪ್ರಭಾ, ಬೆಣ್ಣಿಹಳ್ಳ, ವರದಾ ದಂಡೆಯ ಊರು, ನೆರೆಗೆ ಸಿಗುವಂಥದ್ದು: ಪೈಪ್‌ಲೈನ್ ಬರಲಿ, ಜೊತೆಗೆ ಎತ್ತರದ ಜಾಗದಲ್ಲಿ ಬೋರಿಂಗ್ ಅಥವಾ ಸೋಲಾರ್ ಪಂಪಿನ ಮಿನಿ ಟ್ಯಾಂಕ್. ಕೆರೆಗೆ ಹೊಳೆ ನೀರು ನುಗ್ಗುತ್ತೆ ಅಂದರೆ ಕೆರೆ ಬೇಡ. ಹೊಳೆ ಪಕ್ಕದಲ್ಲೇ ಇದೆಯಲ್ಲ, ಬೋರು ಯಾಕೆ ಅಂತ ಎಂಜಿನಿಯರು ಕೇಳಬಹುದು, ಪಕ್ಕದಲ್ಲಿದೆ ಅಂತಲೇ ಬೇಕು ಅಂತ ಹೇಳಿ.

ಎರೆ ಭೂಮಿಯ, ಸವಳು ನೀರಿನ ಊರು: ಆಳವಾದ ಕೆರೆ ಮತ್ತು ಪೈಪ್‌ಲೈನ್. ಇಲ್ಲಿ ಒಂದು ಒಳಸುಳಿ ಇದೆ. ಕೆರೆ ತುಂಬೋದೂ ರೇಣುಕಾಸಾಗರದ ಕಾಲುವೆಯಿಂದ, ಪೈಪ್‌ಲೈನಿನ ಮೂಲವೂ ರೇಣುಕಾಸಾಗರವೇ ಆದರೆ ಅದು ಎರಡು ಮೂಲ ಅನಿಸಿಕೊಳ್ಳಲ್ಲ. ಡ್ಯಾಮು ಖಾಲಿಯಾದ ವರ್ಷ ಎರಡೂ ಖಾಲಿ. ಅಂಥ ಊರು ಮಳೆನೀರಿನ ಟ್ಯಾಂಕನ್ನ ಸೇರಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಬರಕ್ಕೆ ಉತ್ತರವೇ ಇಲ್ಲ.

ಮುಂಡರಗಿ, ಶಿರಹಟ್ಟಿ ಕಡೆಯ ಫ್ಲೋರೈಡ್ ಊರು: ಕುಡಿಯೋಕೆ ತುಂಗಭದ್ರೆಯ ಪೈಪ್‌ಲೈನ್ ಮತ್ತು ಛಾವಣಿ ನೀರು. ಬೋರು ಬಳಕೆಗೆ, ಆರ್‌ಒ ಆಪತ್ತಿಗೆ. ಕಲಘಟಗಿ, ಹಾನಗಲ್ಲಿನಂಥ ಅರೆಮಲೆನಾಡಿನ ಕಡೆ ಮಳೆ ಜಾಸ್ತಿ, ಹಳೆ ಕೆರೆಗಳೂ ಜಾಸ್ತಿ, ಅಲ್ಲಿ ಹೂಳು ತೆಗೆದ ಕೆರೆ ಮತ್ತು ಸುತ್ತಲ ಬೋರು ಸಾಕಾಗಬಹುದು.

ಜೋಡಿ ಸಿಕ್ಕಿತು, ನಡೆಸೋರು ಯಾರು?

ನಿಜವಾದ ತಲೆನೋವು ಇಲ್ಲಿಂದ. ಗ್ರಾಮಸಭೆಯಲ್ಲಿ ಕೇಳಿ ನೋಡಿ.

"ಪಿಡಿಓ ಸಾಹೇಬ್ರ, ಕಾಲುವಿಗೆ ನೀರು ಯಾವಾಗ ಬಿಡ್ತಾರ್ರಿ?"

"ಅದು ನೀರಾವರಿಯವ್ರಿಗೆ ಕೇಳಬೇಕ್ರಿ ಯಜಮಾನ್ರ."

"ಮತ್ತ ಪಂಪಿಗೆ ಕರೆಂಟು?"

"ಅದು ಲೈನ್‌ಮನ್‌ಗೆ ಫೋನ್ ಹಚ್ರಿ."

ಪಿಡಿಓ ತಪ್ಪಿಸಿಕೊಳ್ಳುತ್ತಿಲ್ಲ, ಇರೋದೇ ಹಾಗೆ. ಹೊಳೆಯಿಂದ ಊರಿನ ಬಾಗಿಲವರೆಗೆ ನೀರು ತರೋದು ಗ್ರಾಮೀಣ ಕುಡಿಯುವ ನೀರು ಇಲಾಖೆ ಮತ್ತು ಅವರ ಗುತ್ತಿಗೆದಾರ. ಬಾಗಿಲಿಂದ ಮನೆಯವರೆಗೆ ಪಂಚಾಯಿತಿ. ಕಾಲುವೆ ನೀರಾವರಿ ನಿಗಮದ್ದು, ಕರೆಂಟು ಹೆಸ್ಕಾಂದು, ನೆರೆ ಬಂದರೆ ತಹಶೀಲ್ದಾರರು. ಇವರೆಲ್ಲ ಒಂದೇ ಮೇಜಿಗೆ ಬರೋದು ಆಪತ್ತು ಬಂದ ಮೇಲೆ. ಅದಕ್ಕಿಂತ ಮುಂಚೆ ವರ್ಷಕ್ಕೆ ಎರಡು ಸರ್ತಿ, ಮೇ ಕೊನೆಗೆ ಒಮ್ಮೆ, ಜನವರಿಯಲ್ಲಿ ಒಮ್ಮೆ, ಊರಿನ ನೀರು ಸಮಿತಿಯೇ ಕರೆಯಬೇಕು. ಕರೆಯೋಕೆ ಅಧಿಕಾರ ಬೇಕಿಲ್ಲ, ಒಂದು ಪತ್ರ ಸಾಕು. ಸಮಿತಿಗೆ ಮಾತಿನ ತೂಕವೂ ಇದೆ: ಜಲಜೀವನ್ ನಿಯಮದಲ್ಲಿ ಊರೊಳಗಿನ ಕೆಲಸದ ಖರ್ಚಿನಲ್ಲಿ ನೂರಕ್ಕೆ ಹತ್ತು ಪಾಲು ಊರಿನವರ ವಂತಿಗೆ, ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರೋ ಊರಿಗೆ ಐದು ಪಾಲು. ದುಡ್ಡು ಕೊಟ್ಟೋರು ನಕಾಶೆ ಕೇಳಬಹುದು ಅಲ್ವಾ?

ಮೇ ತಿಂಗಳ ಸಭೆಯಲ್ಲಿ ಇತ್ಯರ್ಥ ಆಗಬೇಕಾದ ವಿಷಯ ಬಹಳ ಸಣ್ಣವು. ಡ್ಯಾಮಿನಿಂದ ನೀರು ಬಿಡ್ತೀವಿ ಅಂತ ಎಚ್ಚರಿಕೆ ಬಂದ ಕೂಡಲೇ ಓವರ್‌ಹೆಡ್ ಟ್ಯಾಂಕ್ ತುಂಬಿಸೋರು ಯಾರು? 50,000 ಲೀಟರ್ ಟ್ಯಾಂಕು ತುಂಬಿದ್ದರೆ 3,000 ಜನರಿಗೆ ತಲೆಗೆ ಹದಿನಾರು ಲೀಟರ್ ಬಂತು. ವಿಪತ್ತಿನಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅಂತ ಅಂತರರಾಷ್ಟ್ರೀಯ ನೆರವು ಸಂಸ್ಥೆಗಳ ಅಳತೆ, ಅಂದರೆ ಒಂದು ದಿನ. ಬರೀ ಕುಡಿಯೋಕೆ, ಅಡುಗೆಗೆ ಅಂತ ಐದು ಲೀಟರ್ ಹಂಚಿದರೆ ಮೂರು ದಿನ. ಹಂಚೋದಾದರೆ ನಲ್ಲಿಗೆ ಬಿಡಬಾರದು. ಟ್ಯಾಂಕಿನ ಬುಡದಲ್ಲೇ ಕೊಡ ತುಂಬಿಸಬೇಕು, ಬಿಟ್ಟರೆ ತಗ್ಗಿನ ಓಣಿಗೆ ಎಲ್ಲ ಹರಿದು ಮೇಲಿನ ಓಣಿ ಒಣಗುತ್ತೆ. ಯಾವ ಓಣಿಗೆ ಮೊದಲು ಅನ್ನೋದನ್ನೂ ಆಗಲೇ ಬರೆದಿಡಿ, ಆ ಹೊತ್ತಿನಲ್ಲಿ ಜಗಳಕ್ಕೆ ಪುರುಸೊತ್ತು ಎಲ್ಲರಿಗೂ ಇರುತ್ತೆ.

ಬ್ಲೀಚಿಂಗ್ ಪೌಡರ್ ಇನ್ನೊಂದು. ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲ, ಪುಡಿ ಗಡ್ಡೆ ಕಟ್ಟಿರುತ್ತೆ, ವಾಸನೆಯೂ ಇಲ್ಲ. ಅದರ ಶಕ್ತಿ ಹೋಗಿದೆ ಅಂತಲೇ ಅರ್ಥ. ತಾಜಾ ಪುಡಿಯಾದರೆ ತಿಳಿ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ತಳದ ಸುಣ್ಣ ಬಿಟ್ಟು ಮೇಲಿನ ತಿಳಿ ಮಾತ್ರ ಹಾಕಬೇಕು, ಅರ್ಧ ಗಂಟೆ ಬಿಡಬೇಕು, ಕೊನೆಯ ಮನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡಿದರೆ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲ ಅಂದರೆ ಇನ್ನಷ್ಟು ಬೇಕು, ನೆರೆಯ ನೀರಿಗೆ ಜಾಸ್ತಿಯೇ ಹಿಡಿಯುತ್ತೆ. ಪರೀಕ್ಷೆ ಮಾಡೋರು ಯಾರು ಅನ್ನೋದಕ್ಕೆ ಉತ್ತರ ಊರಲ್ಲೇ ಇದೆ. ಜಲಜೀವನ್‌ನಲ್ಲಿ ಪ್ರತಿ ಊರಿಗೆ ಐದು ಹೆಣ್ಣುಮಕ್ಕಳಿಗೆ ಕಿಟ್ ಬಳಸೋ ತರಬೇತಿ ಕೊಡಬೇಕು ಅಂತಿದೆ. ಆ ಅಕ್ಕಂದಿರು ಯಾರು, ಕಿಟ್ ಯಾರ ಮನೆಯಲ್ಲಿದೆ, ಅದರೊಳಗಿನ ಔಷಧದ ದಿನಾಂಕ ಮುಗಿದಿದೆಯಾ ಕೇಳಿ. ಅವರು ಹೇಳಿದ ಸಂಖ್ಯೆಯನ್ನು ಪಂಚಾಯಿತಿಯ ಬೋರ್ಡಿನ ಮೇಲೆ ಬರೆಯಿಸಿ.

ಕೊನೆಗೆ ವಾಟರ್‌ಮ್ಯಾನ್. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತೆ ಅನ್ನೋದು ಅವನೊಬ್ಬನಿಗೇ ಗೊತ್ತು. ಆತ ಊರಲ್ಲಿಲ್ಲದ ದಿನ ಎರಡು ಮೂಲ ಇದ್ದೂ ಊರಿಗೆ ನೀರಿಲ್ಲ. ವಾಲ್ವುಗಳಿಗೆ ಬಣ್ಣ ಹಚ್ಚಿ ನಂಬರ್ ಹಾಕಿಸಿ, ಇನ್ನೊಬ್ಬರಿಗೆ ಕಲಿಸಿ, ಪಂಪ್‌ಹೌಸಿನ ಎರಡನೇ ಕೀಲಿ ಮಾಡಿಸಿ ಎತ್ತರದ ಓಣಿಯ ಯಾರ ಮನೆಯಲ್ಲಾದರೂ ಇಡಿ. ಅವನ ಪಗಾರ ತಿಂಗಳಿಗೆ ಸರಿಯಾಗಿ ಆಗ್ತಿದೆಯಾ ಅನ್ನೋದನ್ನೂ ಅದೇ ಸಭೆಯಲ್ಲಿ ಕೇಳಿಬಿಡಿ.